ಹಿರಿಯರ ಕಣ್ಣಿನ ನಡುವಿನ ಕತ್ತಲೆ

(ಬಸವಾಪಟ್ಟಣದ ಸಭೆಯೊಂದರಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಬಸವಾಪಟ್ಟಣಕ್ಕೆ ಬಂದ ಭಾಷಣಕಾರರು ಈ ಊರಿನ ಇತಿಹಾಸದಿಂದ ಮಾತು ಆರಂಭಿಸುವುದು ವಾಡಿಕೆ. ಪಾಳೆಯಗಾರರ ಕೋಟೆ, ಬಿಜಾಪುರದ ಆದಿಲ್‌ಶಾಹಿ ಆಡಳಿತ, ಆ ಬಳಿಕ ಮೊಗಲರ ಕಾಲದಲ್ಲಿ ಸಿರಾ ಸುಬೆಯ ಏಳು ಪರಗಣೆಗಳಲ್ಲಿ ಒಂದಾಗಿದ್ದ ಗರಿಮೆ, ಇವೆಲ್ಲ ಹೇಳಲು ಯೋಗ್ಯವಾದ ಸಂಗತಿಗಳೇ. ಆದರೆ ಇಂದು ನಾನು ಕೋಟೆಯ ಬಗ್ಗೆ ಮಾತಾಡಲು ಬಂದಿಲ್ಲ. ಆ ಕೋಟೆಯ ಕತೆಗಳನ್ನು ನಮಗೆ ಹೇಳಿದ ದಾದಾ-ದಾದಿ, ನಾನಾ-ನಾನಿಯರ ಕಣ್ಣುಗಳ ಬಗ್ಗೆ ಮಾತಾಡಲು ಬಂದಿದ್ದೇನೆ.

ನಮ್ಮ ಮೊಹಲ್ಲಾಗಳಲ್ಲಿ ಇಂತಹ ಹಿರಿಯರು ಇದ್ದೇ ಇರುತ್ತಾರೆ. ಎದುರಿಗೆ ಬಂದವರು ಕೈಯೆತ್ತಿ ಸಲಾಮಿನ ಸನ್ನೆ ಮಾಡಿದರೆ ಅವರು ಉತ್ತರಿಸುವುದಿಲ್ಲ. ಧ್ವನಿ ಕೇಳಿದಾಗ ಮಾತ್ರ ಅವರ ಮುಖ ಅರಳುತ್ತದೆ. ಅವರು ಯಾರ ಕೈಯನ್ನೂ ಹಿಡಿಯದೆ ನಡೆಯಬಲ್ಲರು. ಬದಿಯಿಂದ ಹಾದುಹೋದ ಬೆಕ್ಕೂ ಅವರಿಗೆ ಕಾಣಿಸುತ್ತದೆ. ಆದರೆ ಮುಂದೆ ನಿಂತ ಮೊಮ್ಮಗನ ಮುಖ ಕಾಣಿಸುವುದಿಲ್ಲ. ನೂರರ ನೋಟಿಗೂ ಇನ್ನೂರರ ನೋಟಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸಲಾಗುವುದಿಲ್ಲ. ಐವತ್ತು ವರ್ಷ ತಪ್ಪದೆ ಫಜ್ರ್ ನಂತರ ಮುಸ್‌ಹಫ್ ತೆರೆಯುತ್ತಿದ್ದವರು ಈಗ ಕಂಠಪಾಠವಿರುವಷ್ಟನ್ನು ಮಾತ್ರ ಓದಿಕೊಂಡು ಸುಮ್ಮನಾಗುತ್ತಾರೆ. ಹೊರಗಿನವರು ಅವರನ್ನು ಗರ್ವಿಷ್ಠರೆಂದು ತಿಳಿಯುತ್ತಾರೆ. ಮನೆಯವರು 'ವಯಸ್ಸಾಯಿತು, ಇನ್ನೇನು' ಎನ್ನುತ್ತಾರೆ. ಆ ಹಿರಿಯರೂ ಅದನ್ನೇ ನಂಬುತ್ತಾರೆ.

ಇದು ಗರ್ವವಲ್ಲ, ಕೇವಲ ವಯಸ್ಸೂ ಅಲ್ಲ. ಇದೊಂದು ರೋಗವಾಗಿರುವ ಸಾಧ್ಯತೆ ಬಹಳ ಹೆಚ್ಚು. ವೈದ್ಯರು ಇದನ್ನು ವಯೋಸಂಬಂಧಿ ಮ್ಯಾಕುಲಾ ಕ್ಷಯ ಎನ್ನುತ್ತಾರೆ.

ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲ ಎಂಬ ತೆಳುವಾದ ಪರದೆಯಿದೆ. ಹೊರಗಿನ ಬೆಳಕು ಬಂದು ಬೀಳುವುದು ಅದರ ಮೇಲೆ. ಆ ಪರದೆಯ ನಟ್ಟನಡುವೆ ಕೆಲವೇ ಮಿಲಿಮೀಟರ್ ಅಗಲದ ಒಂದು ಜಾಗವಿದೆ, ಅದೇ ಮ್ಯಾಕುಲಾ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಮುಂತಾದ ಸೂಕ್ಷ್ಮ ಕೆಲಸಗಳೆಲ್ಲ ಅದನ್ನೇ ಅವಲಂಬಿಸಿವೆ. ಬೆಳಕನ್ನು ಗ್ರಹಿಸುವ ಕಣಗಳು ಪ್ರತಿದಿನ ತ್ಯಾಜ್ಯವನ್ನು ಬಿಡುತ್ತವೆ. ಅವುಗಳ ಕೆಳಗಿನ ಪದರವು ಅದನ್ನು ಗುಡಿಸಿ ತೆಗೆಯುತ್ತದೆ. ವಯಸ್ಸಾದಂತೆ ಈ ಗುಡಿಸುವ ಕೆಲಸ ನಿಧಾನವಾಗುತ್ತದೆ, ತ್ಯಾಜ್ಯವು ಹಳದಿ ಚುಕ್ಕೆಗಳಾಗಿ ಶೇಖರವಾಗುತ್ತದೆ. ಕ್ರಮೇಣ ಮ್ಯಾಕುಲಾದ ಕಣಗಳು ಪೋಷಣೆಯಿಲ್ಲದೆ ಸಾಯುತ್ತವೆ. ಇದು ಒಣ ವಿಧ. ಹೆಚ್ಚಿನ ರೋಗಿಗಳಲ್ಲಿರುವುದು ಇದೇ, ಮತ್ತು ಇದು ವರ್ಷಗಟ್ಟಲೆ ನಿಧಾನವಾಗಿ ಸಾಗುತ್ತದೆ.

ಇನ್ನೊಂದು ಒದ್ದೆ ವಿಧ. ಇದರಲ್ಲಿ ಮ್ಯಾಕುಲಾದ ಕೆಳಗೆ ಹೊಸ ರಕ್ತನಾಳಗಳು ಹುಟ್ಟಿಕೊಳ್ಳುತ್ತವೆ. ಅವು ದುರ್ಬಲವಾಗಿದ್ದು ನೀರು, ರಕ್ತ ಸೋರುತ್ತವೆ. ಕೊನೆಗೆ ಅಲ್ಲಿ ಗಾಯದ ಕಲೆ ಉಳಿಯುತ್ತದೆ. ಒಟ್ಟು ರೋಗಿಗಳಲ್ಲಿ ಈ ವಿಧದವರು ಕಡಿಮೆ. ಆದರೆ ತೀವ್ರವಾಗಿ ದೃಷ್ಟಿ ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಇವರೇ. ಏಕೆಂದರೆ ಇದು ವರ್ಷಗಳಿಗಾಗಿ ಕಾಯುವುದಿಲ್ಲ. ವಾರಗಳು, ತಿಂಗಳುಗಳಲ್ಲೇ ಮುಗಿಸಿಬಿಡುತ್ತದೆ.

ಈ ರೋಗ ಎಷ್ಟು ವ್ಯಾಪಕ? 2014ರಲ್ಲಿ ಪ್ರಕಟವಾದ ಜಾಗತಿಕ ಅಂದಾಜೊಂದರ ಪ್ರಕಾರ 2020ರ ವೇಳೆಗೆ ಜಗತ್ತಿನಲ್ಲಿ 19.6 ಕೋಟಿ ಜನರು ಈ ರೋಗದ ಒಂದಲ್ಲ ಒಂದು ಹಂತದಲ್ಲಿರುತ್ತಾರೆ, 2040ರ ವೇಳೆಗೆ ಈ ಸಂಖ್ಯೆ 28.8 ಕೋಟಿಗೆ ಏರುತ್ತದೆ. ಇದು ಬಿಳಿಯರ ರೋಗ, ನಮ್ಮಲ್ಲಿ ಅಪರೂಪ ಎಂಬ ಭಾವನೆ ಬಹುಕಾಲ ಇತ್ತು. ಆದರೆ ಉತ್ತರ ಮತ್ತು ದಕ್ಷಿಣ ಭಾರತದ ಹಳ್ಳಿಗಳಲ್ಲಿ 60 ದಾಟಿದವರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವು ಬೇರೆಯದೇ ಚಿತ್ರವನ್ನು ನೀಡಿತು. ಆರಂಭಿಕ ಹಂತದ ರೋಗ ನಮ್ಮಲ್ಲೂ ಸಾಮಾನ್ಯವಾಗಿದೆ. ದೃಷ್ಟಿ ಕಸಿಯುವ ಕೊನೆಯ ಹಂತದಲ್ಲಿರುವವರು ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ವಯಸ್ಸು ಹೆಚ್ಚಿದಂತೆ ಈ ಪ್ರಮಾಣವೂ ಏರುತ್ತದೆ.

ನೂರಕ್ಕೆ ಒಬ್ಬರು ಎಂದರೆ ಕಡಿಮೆ ಎನಿಸಬಹುದು. ಆದರೆ ಲೆಕ್ಕ ಹಾಕಿ ನೋಡಿ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿಯಂತೆ 2022ರಲ್ಲಿ ಭಾರತದಲ್ಲಿ 60 ದಾಟಿದವರು ಸುಮಾರು 15 ಕೋಟಿ, ಅಂದರೆ ಜನಸಂಖ್ಯೆಯ ಶೇ. 10.5. ಅವರಲ್ಲಿ ನೂರಕ್ಕೊಬ್ಬರೆಂದರೂ 15 ಲಕ್ಷ ಜನರಾದರು. 2050ರ ಹೊತ್ತಿಗೆ ಹಿರಿಯರ ಪ್ರಮಾಣ ಶೇ. 20.8ಕ್ಕೆ ತಲುಪಲಿದೆ, 80 ದಾಟಿದವರ ಸಂಖ್ಯೆ ಇನ್ನೂ ವೇಗವಾಗಿ ಬೆಳೆಯಲಿದೆ. ಆಯುಷ್ಯ ಹೆಚ್ಚಿರುವುದು ಅಲ್ಲಾಹನ ಅನುಗ್ರಹ. ಆದರೆ ಹೆಚ್ಚಿದ ಆ ವರ್ಷಗಳನ್ನು ಹಿರಿಯರು ಹೇಗೆ ಕಳೆಯುತ್ತಾರೆಂಬುದು ನಮ್ಮ ಹೊಣೆ.

ಸಹೋದರರೇ, ನಮ್ಮ ನಾಡಿನಲ್ಲಿ ಕಣ್ಣಿನ ಸೇವೆಗೆ ದೊಡ್ಡ ಪರಂಪರೆಯಿದೆ. ಡಾ. ಎಂ. ಸಿ. ಮೋದಿಯವರ ಹೆಸರು ಕೇಳದ ಹಿರಿಯರು ಇಲ್ಲಿ ಯಾರೂ ಇರಲಾರರು. 1916ರಲ್ಲಿ ಜನಿಸಿ 2005ರಲ್ಲಿ ನಿಧನರಾದ ಅವರು ಊರೂರು ಸುತ್ತಿ ಲಕ್ಷಾಂತರ ಜನರ ಕಣ್ಣಿನ ಪೊರೆ ತೆಗೆದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ್ದು ದಾಖಲೆಯಾಯಿತು. 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದ ಮೇಲೆ ಸರಕಾರವೂ ಮುಖ್ಯವಾಗಿ ಪೊರೆಯ ಮೇಲೆಯೇ ಗಮನವಿಟ್ಟಿತು. ಅದು ತಪ್ಪೇನೂ ಅಲ್ಲ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 50 ದಾಟಿದವರ ಅಂಧತ್ವಕ್ಕೆ ಶೇ. 66ರಷ್ಟು ಕಾರಣ ಪೊರೆಯೇ ಆಗಿತ್ತು.

ಆದರೆ ಇದರಿಂದ ನಮ್ಮ ಮನಸ್ಸಿನಲ್ಲಿ ಒಂದು ಭಾವನೆ ಬೇರೂರಿದೆ. ಕಣ್ಣು ಮಂಜಾದರೆ ಅದು ಪೊರೆ. ಪೊರೆ ಎಂದರೆ ಶಿಬಿರ. ಶಿಬಿರಕ್ಕೆ ಹೋದರೆ ಒಂದು ಆಪರೇಷನ್, ಒಂದು ಕಪ್ಪು ಕನ್ನಡಕ, ಅಲ್ಲಿಗೆ ಕೆಲಸ ಮುಗಿಯಿತು. ಪೊರೆ ಬರುವುದು ಕಣ್ಣಿನ ಮುಂಭಾಗದ ಮಸೂರಕ್ಕೆ; ಮ್ಯಾಕುಲಾ ಇರುವುದು ಹಿಂಭಾಗದಲ್ಲಿ. ಪೊರೆ ದಪ್ಪವಾಗಿದ್ದರೆ ಹಿಂದಿನ ಪರದೆ ವೈದ್ಯರಿಗೂ ಸ್ಪಷ್ಟವಾಗಿ ಕಾಣಿಸುವುದಿಲ್ಲ. ಕಿಟಕಿಯ ಗಾಜು ಬದಲಿಸಿದ ಮೇಲಷ್ಟೇ ಒಳಗಿನ ಗೋಡೆ ಬಿರುಕು ಬಿಟ್ಟಿರುವುದು ತಿಳಿಯುತ್ತದೆ. ಆಗ ಮನೆಯವರು 'ಆಪರೇಷನ್ ಕೆಟ್ಟಿತು' ಎಂದು ಡಾಕ್ಟರನ್ನು ದೂರಿ ಸುಮ್ಮನಾಗುತ್ತಾರೆ. ಎರಡನೆಯ ಬಾರಿ ಆಸ್ಪತ್ರೆಗೆ ಹೋಗುವುದಿಲ್ಲ. ಉಳಿಸಬಹುದಾಗಿದ್ದ ದೃಷ್ಟಿ ಆ ಮೌನದಲ್ಲೇ ಹೋಗಿಬಿಡುತ್ತದೆ.

ಉಳಿಸಬಹುದಾಗಿದ್ದ ದೃಷ್ಟಿ ಎಂದೆ. ಇದು ಸಮಾಧಾನದ ಮಾತಲ್ಲ. ಒದ್ದೆ ವಿಧಕ್ಕೆ ಈಗ ಚಿಕಿತ್ಸೆಯಿದೆ. ಹೊಸ ರಕ್ತನಾಳಗಳನ್ನು ಬೆಳೆಸುವ ದ್ರವ್ಯವನ್ನು ತಡೆಯುವ ಔಷಧವನ್ನು ಕಣ್ಣಿನೊಳಗೆ ಚುಚ್ಚುಮದ್ದಾಗಿ ನೀಡುತ್ತಾರೆ. ಕಣ್ಣಿಗೆ ಚುಚ್ಚುವುದೆಂದರೆ ಎದೆ ನಡುಗುವುದು ಸಹಜ. ಆದರೆ ಮರಗಟ್ಟಿಸುವ ಹನಿ ಹಾಕಿ, ಕಣ್ಣಿನ ಬಿಳಿಭಾಗದ ಮೂಲಕ ಕೆಲವೇ ನಿಮಿಷಗಳಲ್ಲಿ ಮುಗಿಸುವ ಕೆಲಸವಿದು. 2006ರಲ್ಲಿ ಪ್ರಕಟವಾದ ಮುಖ್ಯ ಪ್ರಯೋಗವೊಂದರಲ್ಲಿ ರಾನಿಬಿಜುಮ್ಯಾಬ್ ಎಂಬ ಔಷಧ ಪಡೆದವರಲ್ಲಿ ಸುಮಾರು ಶೇ. 95 ಜನರು ಒಂದು ವರ್ಷದ ಬಳಿಕವೂ ದೊಡ್ಡ ನಷ್ಟವಿಲ್ಲದೆ ದೃಷ್ಟಿ ಉಳಿಸಿಕೊಂಡರು. ಪಡೆಯದವರಲ್ಲಿ ಹಾಗೆ ಉಳಿಸಿಕೊಂಡವರು ಶೇ. 62. ಔಷಧ ಪಡೆದವರಲ್ಲಿ ಮೂರರಲ್ಲೊಬ್ಬರ ಮಟ್ಟಿಗೆ ದೃಷ್ಟಿ ಗಮನಾರ್ಹವಾಗಿ ಸುಧಾರಿಸಿತು.

ಈ ಔಷಧ ದುಬಾರಿ. ಆದರೆ ಕ್ಯಾನ್ಸರ್ ಚಿಕಿತ್ಸೆಗಾಗಿ ಬಂದ ಬೆವಾಸಿಜುಮ್ಯಾಬ್ ಎಂಬ ಔಷಧವನ್ನು ಸಣ್ಣ ಪ್ರಮಾಣದಲ್ಲಿ ಕಣ್ಣಿಗೆ ಬಳಸಿದರೆ ಅದಕ್ಕೆ ಸರಿಸಮನಾದ ಫಲ ಸಿಗುತ್ತದೆಂದು 2011ರಲ್ಲಿ ಅಮೆರಿಕದ ತುಲನಾತ್ಮಕ ಪ್ರಯೋಗವು ತೋರಿಸಿತು. ಅದರ ಬೆಲೆ ಬಹಳ ಕಡಿಮೆ. 2015ರಲ್ಲಿ ಭಾರತದಲ್ಲೇ ರಾನಿಬಿಜುಮ್ಯಾಬ್‌ನ ಅಗ್ಗದ ಸಮರೂಪ ಔಷಧವೂ ಬಂದಿತು. ಆದ್ದರಿಂದ 'ನಮ್ಮಂಥವರಿಗೆ ಇದು ಎಟುಕುವುದಲ್ಲ' ಎಂದು ಕೇಳುವ ಮೊದಲೇ ತೀರ್ಮಾನಿಸಬೇಡಿ. ಯಾವ ಔಷಧ, ಎಷ್ಟು ಬೆಲೆ, ಕಡಿಮೆ ಬೆಲೆಯದು ಇದೆಯೇ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಏನು ಸಿಗುತ್ತದೆ ಎಂದು ವೈದ್ಯರಲ್ಲಿ ಮತ್ತು ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ಕೇಳುವುದು ನಿಮ್ಮ ಹಕ್ಕು.

ಆದರೆ ನಿಜವಾದ ಕಷ್ಟ ಬೇರೆಯೇ ಇದೆ. ಈ ಚಿಕಿತ್ಸೆ ಒಂದು ದಿನದಲ್ಲಿ ಮುಗಿಯುವುದಿಲ್ಲ. ಮೊದಲು ಸಾಮಾನ್ಯವಾಗಿ ತಿಂಗಳಿಗೊಂದರಂತೆ ಮೂರು ಚುಚ್ಚುಮದ್ದು, ಆಮೇಲೆ ಕಣ್ಣಿನ ಸ್ಥಿತಿ ನೋಡಿಕೊಂಡು ಮತ್ತೆ ಮತ್ತೆ. ಪ್ರತಿ ಸಲವೂ ದಾವಣಗೆರೆಗೋ ಶಿವಮೊಗ್ಗಕ್ಕೋ ಬಸ್ಸು. ಜೊತೆಗೆ ಹೋಗುವ ಮಗ ಒಂದು ದಿನದ ಕೂಲಿ ಬಿಡಬೇಕು, ಇಲ್ಲವೇ ಅಂಗಡಿ ಮುಚ್ಚಬೇಕು. ಎರಡು ಸಲ ಹೋಗುತ್ತಾರೆ. ಮೂರನೆಯ ಸಲ ಅಡಿಕೆ ಕೊಯ್ಲು ಬರುತ್ತದೆ, ನಾಲ್ಕನೆಯ ಸಲ ಮದುವೆ ಬರುತ್ತದೆ. 'ಈಗ ಸ್ವಲ್ಪ ವಾಸಿಯಾಗಿದೆ, ಬಿಡು ಮಗಾ' ಎಂದು ತಾಯಿಯೇ ಹೇಳಿಬಿಡುತ್ತಾಳೆ. ಮಕ್ಕಳಿಗೆ ಹೊರೆಯಾಗಬಾರದೆಂದು ಅವಳು ಹೇಳುವ ಆ ಸುಳ್ಳನ್ನು ನಾವು ಅನುಕೂಲಕ್ಕಾಗಿ ನಂಬುತ್ತೇವೆ. ಔಷಧ ನಿಂತಾಗ ಸೋರಿಕೆ ಮರುಕಳಿಸುತ್ತದೆ.

ನಮ್ಮ ಸಮುದಾಯ ಸಂಘಟನೆಗಳು ಶಿಬಿರ ನಡೆಸುವುದರಲ್ಲಿ ಪಳಗಿವೆ. ಶಾಮಿಯಾನ, ಬ್ಯಾನರು, ಅತಿಥಿಗಳು, ಪತ್ರಿಕೆಗೆ ಫೋಟೋ. ಪೊರೆಯ ಮಟ್ಟಿಗೆ ಅದರಿಂದ ಪ್ರಯೋಜನವೂ ಆಗಿದೆ. ಆದರೆ ಮ್ಯಾಕುಲಾದ ರೋಗಿಗೆ ಬೇಕಾಗಿರುವುದು ಒಂದು ದಿನದ ದಾನವಲ್ಲ, ವರ್ಷವಿಡೀ ಜೊತೆಗೆ ನಡೆಯುವ ಒಬ್ಬ ಮನುಷ್ಯ. ಪ್ರತಿ ಜಮಾಅತ್‌ನಲ್ಲಿ ನಾಲ್ಕು ಯುವಕರು, ಇಬ್ಬರು ಯುವತಿಯರು ಸರದಿಯ ಮೇಲೆ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವ ಹೊಣೆ ಹೊತ್ತರೆ ಸಾಕು. ಅದಕ್ಕೆ ಬ್ಯಾನರು ಬೇಕಿಲ್ಲ. ಯಾರಿಗೆ ಯಾವ ದಿನಾಂಕ ಎಂದು ಬರೆದಿಡುವ ಒಂದು ನೋಟ್‌ಬುಕ್ ಬೇಕು, ಬಸ್ಸಿನ ಖರ್ಚಿಗೆ ಒಂದು ಸಣ್ಣ ನಿಧಿ ಬೇಕು.

ಯುವತಿಯರೂ ಇರಲಿ ಎಂದು ನಾನು ಹೇಳಿದ್ದಕ್ಕೆ ಕಾರಣವಿದೆ. ಅದೇ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಂಧತ್ವದ ಪ್ರಮಾಣ ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚಿತ್ತು. ಮನೆಯ ಯಜಮಾನರ ಕಣ್ಣಿಗೆ ತಕ್ಷಣ ಡಾಕ್ಟರು. ಅಮ್ಮನ ಕಣ್ಣಿಗೆ 'ರಂಜಾನ್ ಕಳೆಯಲಿ'. ಇನ್ನು ರಂಜಾನಿನ ವಿಷಯ. ಉಪವಾಸ ಕೆಡುತ್ತದೆಂಬ ಭಯದಿಂದ ಕಣ್ಣಿನ ಹನಿಯನ್ನು, ಚುಚ್ಚುಮದ್ದನ್ನು ತಿಂಗಳಿಡೀ ಮುಂದೂಡುವವರಿದ್ದಾರೆ. ಕಣ್ಣಿಗೆ ಹಾಕುವ ಔಷಧದಿಂದ ಉಪವಾಸ ಭಂಗವಾಗುವುದಿಲ್ಲ ಎಂಬುದು ಹನಫೀ ಫಿಕ್ಹ್‌ನ ಪ್ರಸಿದ್ಧ ಅಭಿಪ್ರಾಯ. ಪೋಷಕಾಂಶವಲ್ಲದ ಚುಚ್ಚುಮದ್ದಿನ ಬಗ್ಗೆಯೂ ಇಂದಿನ ಹೆಚ್ಚಿನ ಉಲಮಾಗಳ ನಿಲುವು ಅದೇ. ಸಂಶಯವಿದ್ದರೆ ನಿಮ್ಮ ಇಮಾಮರಲ್ಲಿ ಕೇಳಿ, ಆದರೆ ಶಾಬಾನ್‌ನಲ್ಲೇ ಕೇಳಿ. ಒಂದು ತಿಂಗಳ ವಿಳಂಬವೆಂದರೆ ಒದ್ದೆ ವಿಧದ ರೋಗಿಗೆ ಓದುವ ದೃಷ್ಟಿಯೇ ಹೋಗುವಷ್ಟು ಅವಧಿ.

ಇನ್ನೊಂದು ಸೂಕ್ಷ್ಮ ಸಂಗತಿಯನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು. ನಡುದೃಷ್ಟಿ ಕಳೆದುಕೊಂಡ ಕೆಲವು ಹಿರಿಯರಿಗೆ ಇಲ್ಲದ ದೃಶ್ಯಗಳು ಕಾಣಿಸುತ್ತವೆ. ಅಂಗಳದಲ್ಲಿ ಮಕ್ಕಳು ನಿಂತಂತೆ, ಗೋಡೆಯ ಮೇಲೆ ಬಳ್ಳಿಗಳು ಹಬ್ಬಿದಂತೆ, ಪುಟ್ಟ ಮನುಷ್ಯರು ನಡೆದಂತೆ. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬೊನೆ ಎಂಬ ವಿದ್ವಾಂಸರು 1760ರಲ್ಲೇ ತಮ್ಮ ಅಜ್ಜನಲ್ಲಿ ಇದನ್ನು ಕಂಡು ದಾಖಲಿಸಿದ್ದರು. ಕಣ್ಣಿನಿಂದ ಸುದ್ದಿ ಬರುವುದು ನಿಂತಾಗ ಮಿದುಳು ತಾನಾಗಿ ಚಿತ್ರಗಳನ್ನು ಸೃಷ್ಟಿಸುತ್ತದೆ, ಅಷ್ಟೇ. ಇದು ಹುಚ್ಚಲ್ಲ, ಜಿನ್ನ್‌ಗಳ ಬಾಧೆಯೂ ಅಲ್ಲ. ಆದರೆ ಇದನ್ನು ಬಾಯಿಬಿಟ್ಟು ಹೇಳಿದ ಅಜ್ಜಿಯನ್ನು ನಾವು ಆಮಿಲರ ಬಳಿಗೆ ಕರೆದೊಯ್ದು ತಾಯಿತ ಕಟ್ಟಿಸುತ್ತೇವೆ. ಎರಡನೆಯ ಸಲ ಆಕೆ ಬಾಯಿಬಿಡುವುದೇ ಇಲ್ಲ.

ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ, ಕಣ್ಣಿನಿಂದ ಹೊರಡುವುದಿಲ್ಲ ಎಂದು ಸಾವಿರ ವರ್ಷಗಳ ಹಿಂದೆಯೇ ಸಾಧಿಸಿ ತೋರಿಸಿದ ಇಬ್ನುಲ್ ಹೈಸಮ್ ನಮ್ಮವರೆಂದು ನಾವು ವೇದಿಕೆಗಳಲ್ಲಿ ಹೆಮ್ಮೆಪಡುತ್ತೇವೆ. ಹೆಮ್ಮೆ ಸರಿಯೇ. ಆದರೆ ಅವರ ಹೆಸರು ಹೇಳುತ್ತಲೇ ಮನೆಯ ಹಿರಿಯರ ಕಣ್ಣಿಗೆ ತಾಯಿತ ಕಟ್ಟುವುದಾದರೆ ಆ ಪರಂಪರೆಯಿಂದ ನಾವು ಪಡೆದದ್ದಾದರೂ ಏನು?

ಹಾಗಾದರೆ ನಾವೇನು ಮಾಡಬೇಕು?

ಮೊದಲನೆಯದು, ಮನೆಯಲ್ಲೇ ಪರೀಕ್ಷೆ. ಮಕ್ಕಳ ಗಣಿತದ ಚೌಕುಳಿ ನೋಟ್‌ಬುಕ್ಕಿನ ಒಂದು ಹಾಳೆಯ ನಡುವೆ ಕಪ್ಪು ಚುಕ್ಕೆ ಇಡಿ. ಹಿರಿಯರು ಓದುವ ಕನ್ನಡಕ ಹಾಕಿಕೊಂಡು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಸುಮಾರು ಒಂದಡಿ ದೂರದಿಂದ ಆ ಚುಕ್ಕೆಯನ್ನೇ ನೋಡಲಿ. ಸುತ್ತಲಿನ ಗೆರೆಗಳು ಡೊಂಕಾಗಿ ಕಂಡರೆ, ನಡುವೆ ಕಲೆ ಅಥವಾ ಖಾಲಿ ಜಾಗ ಕಂಡರೆ, ಆ ವಾರವೇ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು. ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ದೋಷವನ್ನು ಮುಚ್ಚಿಹಾಕುತ್ತದೆ. ಬಾಗಿಲಿನ ಚೌಕಟ್ಟು, ಮಸೀದಿಯಲ್ಲಿ ಸಫ್‌ಗಾಗಿ ಎಳೆದ ಗೆರೆ ಬಾಗಿದಂತೆ ಕಾಣುವುದೂ ಇದೇ ಎಚ್ಚರಿಕೆ. ಆದರೆ ಗೆರೆ ನೆಟ್ಟಗೆ ಕಂಡಿತೆಂದು ರೋಗವೇ ಇಲ್ಲವೆಂದು ತಿಳಿಯಬೇಡಿ. 60 ದಾಟಿದವರಿಗೆ ವರ್ಷಕ್ಕೊಮ್ಮೆ ಹನಿ ಹಾಕಿ, ಪಾಪೆ ಹಿಗ್ಗಿಸಿ, ಕಣ್ಣಿನ ಹಿಂಭಾಗವನ್ನು ನೋಡುವ ಪರೀಕ್ಷೆ ಆಗಬೇಕು. ಸಕ್ಕರೆ ಕಾಯಿಲೆಯವರಿಗಂತೂ ಇದು ಯಾವ ವಯಸ್ಸಿನಲ್ಲೂ ಅಗತ್ಯ.

ಎರಡನೆಯದು, ತಂಬಾಕು. ವಯಸ್ಸನ್ನು, ವಂಶಗುಣವನ್ನು ನಾವು ಬದಲಿಸಲಾರೆವು. ನಮ್ಮ ಕೈಯಲ್ಲಿರುವ ಕಾರಣಗಳಲ್ಲಿ ಅತ್ಯಂತ ದೊಡ್ಡದು ಧೂಮಪಾನ. ಸೇದುವವರಿಗೆ ಈ ರೋಗದ ಅಪಾಯ ಎರಡರಿಂದ ನಾಲ್ಕು ಪಟ್ಟು. ಕರ್ನಾಟಕದಲ್ಲಿ ತಂಬಾಕು ಬಳಸುವ ವಯಸ್ಕರ ಪ್ರಮಾಣ 2009-10ರ ಶೇ. 28.2ರಿಂದ 2016-17ರಲ್ಲಿ ಶೇ. 22.8ಕ್ಕೆ ಇಳಿದಿತ್ತು. ಇಳಿಯಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಬೀಡಿಯಿಂದ ಶ್ವಾಸಕೋಶ ಕೆಡುವುದು ಎಲ್ಲರಿಗೂ ಗೊತ್ತು. ಕಣ್ಣು ಕೆಡುವುದನ್ನು ಯಾರೂ ಹೇಳುವುದಿಲ್ಲ.

ಮೂರನೆಯದು, ಆಹಾರ ಮತ್ತು ಮಾತ್ರೆ. ನುಗ್ಗೆ, ಬಸಳೆ, ಮೆಂತ್ಯ ಸೊಪ್ಪು, ಮೀನು ಇವೆಲ್ಲ ಒಳ್ಳೆಯವು. ಜಾಹೀರಾತು ನೋಡಿ ಕಣ್ಣಿನ ವಿಟಮಿನ್ ಮಾತ್ರೆ ಕೊಳ್ಳಬೇಡಿ. ಕೆಲವು ವಿಟಮಿನ್ ಮತ್ತು ಸತುವಿನ ಮಿಶ್ರಣ ಮಧ್ಯಮ ಹಂತದ ರೋಗಿಗಳಲ್ಲಿ ರೋಗ ಮುಂದುವರಿಯುವ ಅಪಾಯವನ್ನು ಸುಮಾರು ಶೇ. 25ರಷ್ಟು ತಗ್ಗಿಸುತ್ತದೆಂದು 2001ರ ಅಧ್ಯಯನ ತೋರಿಸಿದೆ. ಆರೋಗ್ಯವಂತರಲ್ಲಿ ಅದು ರೋಗವನ್ನು ತಡೆಯುವುದಿಲ್ಲ. ಅದರಲ್ಲಿ ಬೀಟಾ ಕ್ಯಾರೋಟಿನ್ ಇದ್ದರೆ ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ವೈದ್ಯರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ. ಸುರ್ಮಾದಿಂದ ಈ ರೋಗ ಗುಣವಾಗುವುದಿಲ್ಲ.

ನಾಲ್ಕನೆಯದು, ದೃಷ್ಟಿ ಹೋದವರ ಬದುಕು. ಕೊನೆಯ ಹಂತದ ಒಣ ವಿಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಎರಡು ಔಷಧಗಳಿಗೆ ಅನುಮತಿ ಸಿಕ್ಕಿತು. ಅವು ಹಾನಿಯ ವೇಗವನ್ನು ತಗ್ಗಿಸುತ್ತವೆಯೇ ಹೊರತು ಹೋದ ದೃಷ್ಟಿಯನ್ನು ಮರಳಿಸುವುದಿಲ್ಲ. ಆದರೆ ಈ ರೋಗವೊಂದರಿಂದಲೇ ಪೂರ್ತಿ ಕತ್ತಲಾಗುವುದಿಲ್ಲ. ಬದಿಯ ದೃಷ್ಟಿ ಉಳಿಯುತ್ತದೆ. ಭೂತಗಾಜು, ದಪ್ಪಕ್ಷರದ ಮುಸ್‌ಹಫ್, ಬಲ್ಬು ಸರಿಯಾದ ಜಾಗದಲ್ಲಿರುವ ಕೋಣೆ, ಬಿಳಿ ತಟ್ಟೆಯ ಬದಲು ಅನ್ನ ಎದ್ದು ಕಾಣುವ ಬಣ್ಣದ ತಟ್ಟೆ, ಎದುರಿಗೆ ಬಂದಾಗ ಹೆಸರು ಹೇಳಿ ಸಲಾಂ ಮಾಡುವ ರೂಢಿ, ಇಷ್ಟರಿಂದಲೇ ಬದುಕು ಬಹಳ ಹಗುರವಾಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಂದದೃಷ್ಟಿಯನ್ನೂ ಒಳಗೊಂಡಿದೆ. ನಿಗದಿತ ಪ್ರಮಾಣಕ್ಕಿಂತ ಹೆಚ್ಚು ದೃಷ್ಟಿ ಹೋದವರು ಪ್ರಮಾಣಪತ್ರ ಪಡೆಯಲು ಅರ್ಹರು. ಅದು ಭಿಕ್ಷೆಯಲ್ಲ, ಹಕ್ಕು.

ಐದನೆಯದು, ಸರಕಾರಕ್ಕೆ ನಮ್ಮ ಬೇಡಿಕೆ. ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಹೆಸರಿಗೆ 2017ರಲ್ಲಿ 'ದೃಷ್ಟಿದೋಷ' ಎಂಬ ಪದವೂ ಸೇರಿತು. ಹೆಸರು ಹಿಗ್ಗಿದಂತೆ ಕೆಲಸವೂ ಹಿಗ್ಗಬೇಕು. ಎಷ್ಟು ಪೊರೆ ತೆಗೆದಿರಿ ಎಂಬ ಲೆಕ್ಕದೊಂದಿಗೆ, ಎಷ್ಟು ಜನರ ಅಕ್ಷಿಪಟಲ ಪರೀಕ್ಷಿಸಿದಿರಿ, ಚುಚ್ಚುಮದ್ದು ಆರಂಭಿಸಿದವರಲ್ಲಿ ಎಷ್ಟು ಮಂದಿ ಒಂದು ವರ್ಷ ಪೂರೈಸಿದರು ಎಂಬ ಲೆಕ್ಕವನ್ನೂ ಕೇಳೋಣ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಮ್ಯಾಕುಲಾದ ಪದರಗಳನ್ನು ತೋರಿಸುವ ಸ್ಕ್ಯಾನ್ ಯಂತ್ರ, ಅಕ್ಷಿಪಟಲ ತಜ್ಞರು, ಅಗ್ಗದ ಔಷಧದ ನಿರಂತರ ಪೂರೈಕೆ ಇರಬೇಕು. 1997ರಲ್ಲಿ ಜಿಲ್ಲೆಯೇ ನಮ್ಮ ಹತ್ತಿರಕ್ಕೆ ಬಂದಿತೆಂದು ಚನ್ನಗಿರಿ ತಾಲೂಕಿನವರು ಸಂತೋಷಪಟ್ಟೆವು. ಹತ್ತಿರ ಬಂದ ಜಿಲ್ಲಾಕೇಂದ್ರದಿಂದ ನಮ್ಮ ಹಿರಿಯರ ಕಣ್ಣಿಗೂ ಪ್ರಯೋಜನವಾಗಲಿ. ಇದು ಮುಸ್ಲಿಮರ ಬೇಡಿಕೆಯಷ್ಟೇ ಅಲ್ಲ. ಮುಪ್ಪು ಯಾರ ಜಾತಿ, ಧರ್ಮವನ್ನೂ ಕೇಳಿ ಬರುವುದಿಲ್ಲ. ಊರಿನ ಎಲ್ಲ ಸಮುದಾಯದವರೂ ಸೇರಿ ಈ ಮನವಿ ಸಲ್ಲಿಸಬೇಕು.

ಹೆತ್ತವರ ಹಕ್ಕುಗಳ ಬಗ್ಗೆ ಮಿಂಬರ್‌ನಿಂದ ನಾವು ಅದೆಷ್ಟೋ ಖುತ್ಬಾಗಳನ್ನು ಕೇಳಿದ್ದೇವೆ, ಕೇಳಿ ಕಣ್ಣೀರೂ ಇಟ್ಟಿದ್ದೇವೆ. ಆ ಕಣ್ಣೀರಿಗೆ ಈಗ ಒಂದು ಸುಲಭದ ಕೆಲಸವಿದೆ. ಇಂದು ರಾತ್ರಿ ಮನೆಗೆ ಹೋದ ಬಳಿಕ ಮಗುವಿನ ಚೀಲದಿಂದ ಚೌಕುಳಿ ನೋಟ್‌ಬುಕ್ ತೆಗೆಯಿರಿ. ಅಮ್ಮನನ್ನು ದೀಪದ ಕೆಳಗೆ ಕೂರಿಸಿ. ಒಂದೊಂದೇ ಕಣ್ಣು ಮುಚ್ಚಿಸಿ ಕೇಳಿರಿ: 'ಅಮ್ಮಾ, ಗೆರೆಗಳು ನೆಟ್ಟಗಿವೆಯೇ?' ನನಗಾಗಿ ನೆಟ್ಟಗಿವೆ ಎನ್ನಬೇಡ, ನಿನಗೆ ಹೇಗೆ ಕಾಣುತ್ತದೆಯೋ ಹಾಗೆ ಹೇಳು ಎಂದೂ ಸೇರಿಸಿರಿ. ಆಕೆ ಕೊಡುವ ಉತ್ತರದಲ್ಲಿ ಸಂಶಯ ಕಂಡರೆ ಮುಂದಿನ ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸಿರಿ.

ಅಲ್ಲಾಹನು ನಮ್ಮ ಹಿರಿಯರ ದೃಷ್ಟಿಯನ್ನು ಕಾಪಾಡಲಿ, ಅವರ ಜೊತೆ ನಡೆಯುವ ತಾಳ್ಮೆಯನ್ನು ನಮಗೆ ನೀಡಲಿ. ಆಮೀನ್. ವಸ್ಸಲಾಮ್.